ತೋಟದಲ್ಲಿ ಎರಡು ಹೊಂಬೆನ್ನು: ಅಣ್ಣತಮ್ಮಂದಿರೋ, ಬರೀ ವೇಷವೋ?

ಹೊಸನಗರ ತೋಟ:
ಬಳಗದವರಿಗೆ ನಮಸ್ಕಾರ. ಮನೆಯೊಳಗಿನ ಒಂದು ತಕರಾರನ್ನು ಇಲ್ಲಿಗೆ ತಂದಿದ್ದೇನೆ.

ನಮ್ಮ ಅಡಿಕೆ ತೋಟದ ಮೇಲಂಚಿನಲ್ಲಿ ಹಾಲವಾಣದ ಸಾಲಿದೆ, ಅದಕ್ಕೆ ತಾಗಿ ಸೊಪ್ಪಿನ ಬೆಟ್ಟ. ಹಾಲವಾಣ ಹೂ ಬಿಟ್ಟಾಗಿನಿಂದ ಹೊಂಬಣ್ಣದ ಬೆನ್ನಿನ ಮರಕುಟಿಗಗಳು ಬೆಳಗಾಗುತ್ತಲೇ ಬಂದು ಕೂರುತ್ತವೆ. ಒಂದು ಬಗೆಯದು ದೊಡ್ಡದು, ಕೊಕ್ಕು ಉದ್ದ, ಬೆಟ್ಟದ ಕಡೆಯಿಂದ ಬರುತ್ತದೆ. ಇನ್ನೊಂದು ತುಸು ಸಣ್ಣದು, ಮನೆಯ ಹಿಂದಿನ ತೆಂಗಿನ ಮರಗಳ ಆಚೀಚೆಯೇ ಅದರ ಓಡಾಟ. ಇವೆರಡೂ ಬೇರೆ ಬೇರೆ ಜಾತಿ ಎಂದು ನಾನು. ದೊಡ್ಡದು ಗಂಡು, ಸಣ್ಣದು ಹೆಣ್ಣು, ಅಷ್ಟೇ ಎಂದು ನನ್ನ ತಮ್ಮ.

ಇದರ ನಡುವೆ ಕಾಲೇಜಿಗೆ ಹೋಗುವ ತಮ್ಮನ ಮಗಳು ಇನ್ನೊಂದು ಬಾಂಬು ಹಾಕಿದಳು. ‘ದೊಡ್ಡಪ್ಪ, ಅವು ಬೇರೆ ಬೇರೆ ಮಾತ್ರವಲ್ಲ, ಹತ್ತಿರದ ನೆಂಟರೂ ಅಲ್ಲ. ದೊಡ್ಡದಕ್ಕೆ ಅಮೆರಿಕದ ಮರಕುಟಿಗವೇ ಹೆಚ್ಚು ಹತ್ತಿರ’ ಎಂದಳು. ಒಂದೇ ತೋಟದಲ್ಲಿ ಒಂದೇ ಬಣ್ಣ ತೊಟ್ಟು ಒಂದೇ ಹೂವಿಗೆ ಬರುವ ಎರಡು ಹಕ್ಕಿಗಳು ನೆಂಟರಲ್ಲ ಎಂದರೆ ಹೇಗೆ ನಂಬುವುದು? ಮೊಬೈಲ್‌ನಲ್ಲಿ ತೆಗೆದ ಫೋಟೊ ಹಾಕಿದ್ದೇನೆ. ಬೆನ್ನು ಬಿಟ್ಟರೆ ಬೇರೇನೂ ಸರಿಯಾಗಿ ಬಂದಿಲ್ಲ.

ಆಗುಂಬೆ ಮಳೆ:
ನಿಮ್ಮ ಫೋಟೊದಲ್ಲಿ ಬಂದಿರುವುದು ಬೆನ್ನೊಂದೇ. ಈ ಹಕ್ಕಿಗಳ ವಿಷಯದಲ್ಲಿ ಏನನ್ನೂ ಹೇಳದ ಭಾಗವೆಂದರೆ ಅದೇ ಬೆನ್ನು!

ಮಲೆನಾಡಿನ ನಮ್ಮ ಪಟ್ಟಿಯಲ್ಲಿ ಹೊಂಬೆನ್ನಿನ ಮರಕುಟಿಗಗಳು ಮೂರು ಬಗೆ. ತೋಟ, ಊರು, ತೆಂಗು, ಮಾವುಗಳ ನಡುವೆ ಇರುವುದು ಕಪ್ಪು ಸೊಂಟದ್ದು. ರೆಕ್ಕೆ ಬಿಚ್ಚಿ ಹಾರುವಾಗ ಬೆನ್ನಿನ ಕೆಳಭಾಗ ಕಪ್ಪಗೆ ಕಾಣುತ್ತದೆ, ಗಂಟಲೂ ಕಪ್ಪು, ಅದರ ಮೇಲೆ ಬಿಳಿ ಗೆರೆಗಳು. ಉಳಿದೆರಡಕ್ಕೂ ಸೊಂಟ ಕೆಂಪು, ಎರಡೂ ಕಾಡಿನ ಹಕ್ಕಿಗಳು, ಜನ ಎಡವುವುದು ಇಲ್ಲಿಯೇ.

ಆ ಎರಡರಲ್ಲಿ ಮಧ್ಯಮ ಗಾತ್ರದ್ದಕ್ಕೆ ಕತ್ತಿನ ಹಿಂಭಾಗ ಕಪ್ಪು, ಕಣ್ಣು ಗಾಢ ಬಣ್ಣ, ಕೊಕ್ಕಿನ ಬುಡದಿಂದ ಇಳಿಯುವ ಮೀಸೆಯ ಗೆರೆ ಒಂದೇ. ದೊಡ್ಡದಕ್ಕೆ ಕತ್ತಿನ ಹಿಂಭಾಗ ಬಿಳಿ, ಕಣ್ಣು ತಿಳಿ ಹಳದಿ, ಕೊಕ್ಕು ತಲೆಯಷ್ಟೇ ಉದ್ದ. ಮೀಸೆಯ ಗೆರೆ ಎರಡಾಗಿ ಸೀಳಿ ನಡುವೆ ಬಿಳಿಯ ಒಂದು ದ್ವೀಪ ಬಿಟ್ಟು ಮತ್ತೆ ಕೂಡುತ್ತದೆ. ಒಮ್ಮೆ ಆ ದ್ವೀಪವನ್ನು ಕಂಡವರಿಗೆ ಮತ್ತೆ ಗೊಂದಲವಾಗುವುದಿಲ್ಲ.

ನಿಮ್ಮ ತಮ್ಮನವರ ವಾದಕ್ಕೂ ಉತ್ತರ ಇಲ್ಲಿಯೇ ಇದೆ. ಗಂಡು ಹೆಣ್ಣಿನ ವ್ಯತ್ಯಾಸ ಗಾತ್ರದಲ್ಲಿ ಅಲ್ಲ, ನೆತ್ತಿಯಲ್ಲಿ. ಮೂರರಲ್ಲೂ ಗಂಡಿನ ನೆತ್ತಿ, ಜುಟ್ಟು ಕೆಂಪು. ಕಾಡಿನ ಎರಡರಲ್ಲಿ ಹೆಣ್ಣಿನ ನೆತ್ತಿ ಕಪ್ಪು. ದೊಡ್ಡದರ ಹೆಣ್ಣಿಗೆ ಆ ಕಪ್ಪಿನ ಮೇಲೆ ಬಿಳಿ ಚುಕ್ಕೆ, ಮಧ್ಯಮ ಗಾತ್ರದ್ದರ ಹೆಣ್ಣಿಗೆ ಬಿಳಿ ಗೆರೆ. ತೋಟದ ಕಪ್ಪು ಸೊಂಟದ್ದರ ಹೆಣ್ಣಿಗೆ ಹಣೆಯ ಕಡೆ ಮಾತ್ರ ಚುಕ್ಕೆಗಳಿರುವ ಕಪ್ಪು, ಹಿಂದಿನ ಜುಟ್ಟು ಕೆಂಪೇ.

ನಾಳೆ ಬೆಳಗ್ಗೆ ಕತ್ತು, ಮೀಸೆ, ಸೊಂಟ ಮೂರನ್ನು ಮಾತ್ರ ನೋಡಿ ಬರೆಯಿರಿ. ಬೆನ್ನಿನ ಬಣ್ಣವನ್ನು ಮರೆತುಬಿಡಿ.

ಶಿಕಾರಿಪುರ ಬಯಲು:
ಮಳೆಯವರು ಮಲೆನಾಡು ಎಂದರೆ ಆಗುಂಬೆಯೇ ಎಂದುಕೊಂಡಿದ್ದಾರೆ. ನಮ್ಮ ಕಡೆಯ ಒಣ ಕಾಡಿಗೆ ನಾಲ್ಕನೆಯ ಹೊಂಬೆನ್ನೂ ಸೇರುತ್ತದೆ. ಅದರ ಹಿಂಗತ್ತಿನ ಬಿಳಿ ಬೆನ್ನಿನ ಮೇಲ್ಭಾಗದವರೆಗೂ ಇಳಿದಿರುತ್ತದೆ, ಎರಡೂ ಬದಿಗೆ ಕಪ್ಪು ಅಂಚು. ಸೊಂಟ ಕಪ್ಪು. ಹೆಣ್ಣಿನ ನೆತ್ತಿ ಹಳದಿ. ಇದಕ್ಕೂ ಮೀಸೆ ಒಡೆದದ್ದೇ, ಕೊಕ್ಕು ದೊಡ್ಡದೇ, ಯಾಕೆಂದರೆ ಇದು ನಿಮ್ಮ ದೊಡ್ಡ ಹೊಂಬೆನ್ನಿನ ಸ್ವಂತ ಕುಲದ್ದು. ಎರಡೂ ಕ್ರೈಸೋಕೊಲಾಪ್ಟಿಸ್.

ಬಯಲಿಗೆ ಇಳಿದಂತೆ ಇನ್ನೊಂದು ಸಣ್ಣದೂ ಸಿಗುತ್ತದೆ. ಕಪ್ಪು ಬಿಳಿ ಚುಕ್ಕೆಗಳ ಮೈ, ಹಳದಿ ಹಣೆ, ಹೊಟ್ಟೆಯ ನಡುವೆ ಕೆಂಪು. ಜಾಲಿ, ಬೇವು, ಮಾವಿನ ಮರಗಳಲ್ಲಿ ಸದ್ದಿಲ್ಲದೆ ಕೆಲಸ ಮಾಡಿಕೊಂಡಿರುತ್ತದೆ. ಇದರ ಹೆಸರಿನಲ್ಲಿ ಮರಾಠರ ನಾಡಿದೆ: ಮಹ್ರಾಟೆನ್ಸಿಸ್.

ಮೇಷ್ಟ್ರು ಸಾಗರ:
ತೋಟದವರ ಮನೆಯ ಹುಡುಗಿ ಹೇಳಿದ್ದು ಸರಿ. ಆದರೆ ಅದು ಸರಿ ಎಂದು ತಿಳಿಯಲು ಶಾಸ್ತ್ರಕ್ಕೆ ಇನ್ನೂರೈವತ್ತು ವರ್ಷ ಹಿಡಿಯಿತು. ನಿವೃತ್ತನಾದವನಿಗೆ ಪಾಠ ಮಾಡುವ ಚಟ ಬಿಟ್ಟಿಲ್ಲ, ಸಹಿಸಿಕೊಳ್ಳಿ.

ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ 1758ರಲ್ಲಿ ಹೆಸರಿಡಲು ಕುಳಿತಾಗ ಮರ ಕುಟ್ಟುವ ಹಕ್ಕಿಗಳನ್ನೆಲ್ಲ ಪೈಕಸ್ ಎಂಬ ಒಂದೇ ಚೀಲಕ್ಕೆ ಹಾಕಿದ. ನಿಮ್ಮ ತೆಂಗಿನ ಮರದ ಕಪ್ಪು ಸೊಂಟದ್ದೂ ಆ ವರ್ಷವೇ ಪೈಕಸ್ ಬೆಂಗಾಲೆನ್ಸಿಸ್ ಎಂದು ದಾಖಲಾಯಿತು. ಹಕ್ಕಿಗಳು ಹೆಚ್ಚು ಹೆಚ್ಚು ಸಿಕ್ಕಂತೆ ಚೀಲ ಹರಿಯಿತು. ಕೊಕ್ಕು, ಕಾಲ್ಬೆರಳು, ಬಾಲ, ಗರಿ ನೋಡಿ ಹತ್ತಾರು ಕುಲ ಮಾಡಿದರು. ಕಪ್ಪು ಸೊಂಟದ್ದು ಡೈನೋಪಿಯಮ್ ಆಯಿತು.

ಈಗಿನ ಲೆಕ್ಕದಲ್ಲಿ ಮರಕುಟಿಗಗಳ ಕುಟುಂಬ ಪಿಸಿಡೇ. ಇನ್ನೂರ ಮೂವತ್ತಕ್ಕೂ ಮೇಲ್ಪಟ್ಟು ಪ್ರಭೇದಗಳಿವೆ. ಆಸ್ಟ್ರೇಲಿಯಾ, ನ್ಯೂಗಿನಿ, ನ್ಯೂಜಿಲೆಂಡ್, ಮಡಗಾಸ್ಕರ್‌ಗಳಲ್ಲಿ ಒಂದೂ ಇಲ್ಲ. ಕುಟುಂಬದೊಳಗೆ ಮೂರು ಕವಲು. ಕತ್ತು ತಿರುಚುವ ಹಕ್ಕಿಗಳದ್ದು ಒಂದು ಕವಲು, ಅದರಲ್ಲಿ ಎರಡೇ ಪ್ರಭೇದ. ಬೆರಳುದ್ದದ ಕಿರುಮರಕುಟಿಗಗಳದ್ದು ಇನ್ನೊಂದು. ಉಳಿದವೆಲ್ಲ ನಿಜವಾದ ಮರಕುಟಿಗಗಳ ಕವಲು. ಮೊದಲ ಎರಡರಲ್ಲಿ ಬಾಲ ಮೆತ್ತಗೆ. ಮರಕ್ಕೆ ಊರುಗೋಲಾಗಿ ಕೊಡುವ ಗಡುಸು ಬಾಲ ಮೂರನೆಯದರದ್ದೇ. ಆಗುಂಬೆ, ಶೃಂಗೇರಿ ಕಡೆಯ ಬಿದಿರುಮೆಳೆಗಳಲ್ಲಿ ಹತ್ತು ಸೆಂಟಿಮೀಟರಿನ ಚುಕ್ಕೆ ಎದೆಯ ಕಿರುಮರಕುಟಿಗ ಸಿಗುತ್ತದೆ. ಬಹಳ ಜನ ಅದನ್ನು ಉಲಿಯಕ್ಕಿ ಎಂದು ಬಿಟ್ಟುಬಿಡುತ್ತಾರೆ.

ಕಾಲಿನ ವಿಷಯವೂ ಸ್ವಾರಸ್ಯ. ಮರಕುಟಿಗಕ್ಕೆ ಎರಡು ಬೆರಳು ಮುಂದೆ, ಎರಡು ಹಿಂದೆ. ಮಳೆಯವರು ಹೇಳಿದ ಮಧ್ಯಮ ಗಾತ್ರದ ಹೊಂಬೆನ್ನಿಗೆ ಮಾತ್ರ ಹಿಂದಿನದೊಂದು ಬೆರಳೇ ಇಲ್ಲ, ಒಟ್ಟು ಮೂರು. ಅದರ ಸೋದರ ಕಪ್ಪು ಸೊಂಟದ್ದಕ್ಕೆ ಆ ಬೆರಳು ಮೊಳಕೆಯಷ್ಟು ಉಳಿದಿದೆ. ದೊಡ್ಡದಕ್ಕೆ ನಾಲ್ಕೂ ಪೂರ್ತಿ ಇವೆ. ಬೆನ್ನು ಹೇಳದ್ದನ್ನು ಕಾಲು ಹೇಳುತ್ತಿತ್ತು, ಕೇಳುವವರು ಕಡಿಮೆ ಇದ್ದರು.

ಸೊರಬ ಕಾನು:
ಮೇಷ್ಟ್ರೇ, ನಡುವೆ ಬಾಯಿ ಹಾಕುತ್ತಿದ್ದೇನೆ. ತಲೆಯ ಮೇಲೆ ಬೀಸಣಿಗೆಯಂಥ ಜುಟ್ಟು ಬಿಚ್ಚಿಕೊಂಡು ಅಂಗಳದಲ್ಲಿ ನೆಲ ಕುಟ್ಟುವುದು ಯಾವ ಕವಲಿಗೆ ಸೇರಿದ್ದು? ನಮ್ಮೂರಲ್ಲಿ ಅದನ್ನೂ ಮರಕುಟಿಗ ಎಂದೇ ಕರೆಯುವವರಿದ್ದಾರೆ.

ಮೇಷ್ಟ್ರು ಸಾಗರ:
ಅದು ಚಂದ್ರಮುಕುಟ. ಮರಕುಟಿಗದ ಕುಟುಂಬವೂ ಅಲ್ಲ, ಗಣವೂ ಅಲ್ಲ. ಅದರ ಹತ್ತಿರದ ನೆಂಟ ಮಂಗಟ್ಟೆ! ಅಷ್ಟು ದೊಡ್ಡ ಹಕ್ಕಿಗೂ ಇದಕ್ಕೂ ಏನು ಸಂಬಂಧ ಎನ್ನಬೇಡಿ, ಎರಡೂ ಒಂದೇ ಗಣದವು.

ಮರಕುಟಿಗದ ನಿಜವಾದ ನೆಂಟನೊಬ್ಬ ಬೇಸಿಗೆಯಿಡೀ ‘ಕುಟ್ರೂ ಕುಟ್ರೂ’ ಎಂದು ನಿಮ್ಮ ಕಾನಿನಲ್ಲಿ ಕೂಗುತ್ತಿರುತ್ತಾನೆ. ಹಸಿರು ಮೈ, ಬಿಳಿ ಕೆನ್ನೆ, ಬುಡದಲ್ಲಿ ಮೀಸೆ ಇರುವ ಮೊಂಡ ಕೊಕ್ಕು. ಹಣ್ಣು ತಿನ್ನುತ್ತಾನೆ, ಆದರೆ ಒಣ ಕೊಂಬೆಯನ್ನು ತಾನೇ ಕೊರೆದು ಗೂಡು ಮಾಡುತ್ತಾನೆ, ಕಾಲ್ಬೆರಳೂ ಎರಡು ಮುಂದೆ ಎರಡು ಹಿಂದೆ. ಕುಟ್ರು ಹಕ್ಕಿಗಳೂ ಅಮೆರಿಕದ ದೊಡ್ಡ ಕೊಕ್ಕಿನ ಟೌಕನ್‌ಗಳೂ ಮರಕುಟಿಗಗಳೂ ಒಂದೇ ಗಣ, ಪಿಸಿಫಾರ್ಮಿಸ್. ಮೊದಲು ಏಷ್ಯಾ, ಆಫ್ರಿಕಾ, ಅಮೆರಿಕದ ಕುಟ್ರುಗಳನ್ನೆಲ್ಲ ಒಂದೇ ಕುಟುಂಬ ಎನ್ನುತ್ತಿದ್ದರು. ಈಗ ಖಂಡಕ್ಕೊಂದರಂತೆ ಬೇರೆ ಮಾಡಿದ್ದಾರೆ, ಅಮೆರಿಕದ ಕುಟ್ರು ನಮ್ಮ ಕುಟ್ರುವಿಗಿಂತ ಟೌಕನ್‌ಗೇ ಹತ್ತಿರವಂತೆ. ಇವರೆಲ್ಲರಿಗಿಂತ ಮರಕುಟಿಗಕ್ಕೆ ಹತ್ತಿರವಾದದ್ದು ಜೇನಿನ ದಾರಿ ತೋರುವ ಹಕ್ಕಿಗಳ ಕುಟುಂಬ. ಅವುಗಳಲ್ಲಿ ಹೆಚ್ಚಿನವು ಆಫ್ರಿಕಾದಲ್ಲಿವೆ, ನಮ್ಮ ಹಿಮಾಲಯದಲ್ಲೂ ಒಂದಿದೆ.

ಆದ್ದರಿಂದ ಟೌಕನ್ ನೋಡಿ ಮಂಗಟ್ಟೆ ಎನ್ನುವುದೂ ಚಂದ್ರಮುಕುಟ ನೋಡಿ ಮರಕುಟಿಗ ಎನ್ನುವುದೂ ಒಂದೇ ಬಗೆಯ ಗಲಿಬಿಲಿ.

ಎಂಎಸ್ಸಿ ಹುಡುಗಿ:
ದೊಡ್ಡಪ್ಪನವರ ಮನೆಯ ಹುಡುಗಿ ನಾನಲ್ಲ, ಆದರೆ ಅವಳ ಪರವಾಗಿ ಮಾತನಾಡುತ್ತೇನೆ.

ಡಿಎನ್‌ಎ ಹೋಲಿಸಿ ಮರಕುಟಿಗಗಳ ವಂಶವೃಕ್ಷ ಬರೆದಾಗ ಕ್ರೈಸೋಕೊಲಾಪ್ಟಿಸ್, ಅಂದರೆ ನಿಮ್ಮ ದೊಡ್ಡದು, ಕ್ಯಾಂಪೆಫಿಲಸ್ ಎಂಬ ಅಮೆರಿಕದ ಕುಲದ ಪಕ್ಕದಲ್ಲಿ ಹೋಗಿ ಕುಳಿತಿತು. ದಂತದ ಬಣ್ಣದ ಕೊಕ್ಕಿನ ದೈತ್ಯ ಮರಕುಟಿಗ ಆ ಕುಲದ್ದೇ. ಅಮೆರಿಕದಲ್ಲಿ ಎಲ್ಲರೂ ಒಪ್ಪಿದ ಅದರ ಕೊನೆಯ ದರ್ಶನ 1944ರದ್ದು. ಡೈನೋಪಿಯಮ್, ಅಂದರೆ ನಿಮ್ಮ ತೆಂಗಿನ ಮರದ್ದು, ಹಸಿರು ಮೈಯ ಪೈಕಸ್ ಗುಂಪಿನ ಜೊತೆ ನಿಂತಿತು. ಎರಡೂ ನಿಜವಾದ ಮರಕುಟಿಗಗಳ ಕವಲಿನವೇ, ಆದರೆ ಅದರೊಳಗೆ ಬೇರೆ ಬೇರೆ ಬುಡಕಟ್ಟು.

ಇದಕ್ಕಿಂತ ತಮಾಷೆ ನಮ್ಮ ಕಾಡಿನ ಕರಿಯ ದೈತ್ಯನದ್ದು. ಬಿಳಿ ಹೊಟ್ಟೆ, ಕೆಂಪು ಜುಟ್ಟು, ಕಾಗೆಗಿಂತ ದೊಡ್ಡ ಮೈ, ಸುಮಾರು 48 ಸೆಂಟಿಮೀಟರ್. ನೋಡಿದರೆ ಆ ಅಮೆರಿಕದ ದೈತ್ಯನ ತಮ್ಮನಂತೆ ಕಾಣುತ್ತದೆ. ವಂಶದಲ್ಲಿ ಅದು ಡ್ರೈಯೋಕೋಪಸ್, ಪೈಕಸ್ ಡೈನೋಪಿಯಮ್‌ಗಳ ಬುಡಕಟ್ಟು. ಅಂದರೆ ಕರಿಯ ದೈತ್ಯ ನಿಮ್ಮ ತೆಂಗಿನ ಮರದ ಹೊಂಬೆನ್ನಿಗೆ ನೆಂಟ, ಬೆಟ್ಟದ ಹೊಂಬೆನ್ನು ಅಮೆರಿಕದ ಕರಿಯ ದೈತ್ಯನಿಗೆ ನೆಂಟ. ಬಣ್ಣ ನೋಡಿ ಜೋಡಿ ಮಾಡಿದ್ದರೆ ನಾಲ್ಕನ್ನೂ ತಪ್ಪು ಮನೆಗೆ ಸೇರಿಸುತ್ತಿದ್ದೆವು.

ಕೊಪ್ಪ ಕಾಫಿ:
ನನಗೆ ಒಂದು ಅರ್ಥವಾಗಲಿಲ್ಲ. ನೆಂಟರಲ್ಲದವು ಒಂದೇ ಬಣ್ಣ ಯಾಕೆ ತೊಡಬೇಕು? ಒಂದೇ ಕಾಡಿನಲ್ಲಿ ಇದ್ದುದಕ್ಕೆ ಎನ್ನುವುದಾದರೆ ಆ ಕಾಡಿನಲ್ಲಿರುವ ಹಸಿರು ಮರಕುಟಿಗಕ್ಕೆ ಯಾಕೆ ಹೊಂಬಣ್ಣ ಬರಲಿಲ್ಲ?

ಎಂಎಸ್ಸಿ ಹುಡುಗಿ:
ಅಕ್ಕ, ಪ್ರಶ್ನೆ ಸರಿಯಾದ ಜಾಗಕ್ಕೇ ಬಿತ್ತು.

ಮೊದಲು ಶ್ರೀಲಂಕಾ ನೋಡಿ. ಅಲ್ಲಿಯೂ ಈ ಎರಡು ಕುಲಗಳಿವೆ. ಅಲ್ಲಿನ ಕ್ರೈಸೋಕೊಲಾಪ್ಟಿಸ್ ಬೆನ್ನು ಹೊಂಬಣ್ಣವಲ್ಲ, ಕಡುಗೆಂಪು. ಅದಿರುವ ಭಾಗದ ಡೈನೋಪಿಯಮ್ ಬೆನ್ನೂ ಕೆಂಪು! ದ್ವೀಪದ ಉತ್ತರ ತುದಿಯಲ್ಲಿ, ಜಾಫ್ನಾ ಕಡೆ, ಡೈನೋಪಿಯಮ್ ನಮ್ಮದರಂತೆ ಹೊಂಬಣ್ಣಕ್ಕೆ ತಿರುಗುತ್ತದೆ. ದೊಡ್ಡದು ಬಣ್ಣ ಬದಲಿಸಿದ ಕಡೆ ಸಣ್ಣದೂ ಬದಲಿಸಿದೆ. ಇದು ಆಕಸ್ಮಿಕ ಎನ್ನುವುದು ಕಷ್ಟ.

ಕಾರಣ ಏನು ಎಂಬುದಕ್ಕೆ ರಿಚರ್ಡ್ ಪ್ರಮ್ ಎಂಬ ಪಕ್ಷಿವಿಜ್ಞಾನಿ 2014ರಲ್ಲಿ ಒಂದು ವಾದ ಮುಂದಿಟ್ಟರು. ಒಂದೇ ಮರದಲ್ಲಿ ಮೇಯುವಾಗ ದೊಡ್ಡ ಹಕ್ಕಿ ಸಣ್ಣದನ್ನು ಓಡಿಸುತ್ತದೆ. ಸಣ್ಣದು ದೊಡ್ಡದರಂತೆಯೇ ಕಂಡರೆ, ದೂರದಿಂದ ಅದನ್ನು ತನ್ನದೇ ಜಾತಿಯ ಇನ್ನೊಂದು ಎಂದು ದೊಡ್ಡದು ಭಾವಿಸಿ ಜಗಳಕ್ಕೆ ಹಿಂಜರಿಯಬಹುದು, ಬೇರೆ ಸಣ್ಣಪುಟ್ಟ ಹಕ್ಕಿಗಳೂ ಹೆದರಬಹುದು. ಯಕ್ಷಗಾನದಲ್ಲಿ ಬಣ್ಣದ ವೇಷ ಕಟ್ಟಿದವನ ಒಳಗೆ ಎಷ್ಟೇ ಬಡಕಲು ಆಳಿದ್ದರೂ ರಂಗಕ್ಕೆ ಬಂದ ಕೂಡಲೇ ಮಕ್ಕಳು ಹಿಂದೆ ಸರಿಯುವುದಿಲ್ಲವೇ, ಅಂಥದ್ದು. 2019ರಲ್ಲಿ ಜಗತ್ತಿನ ಮರಕುಟಿಗಗಳ ಬಣ್ಣ, ವಂಶ, ವಾಸಸ್ಥಳಗಳನ್ನು ಒಟ್ಟಿಗೆ ಹೋಲಿಸಿದ ಅಧ್ಯಯನವೊಂದು ಬಂತು. ಒಂದೇ ಪ್ರದೇಶದಲ್ಲಿ ಬದುಕುವ ದೂರದ ನೆಂಟರು, ಹವಾಮಾನ ಮತ್ತು ಕಾಡಿನ ಪ್ರಭಾವವನ್ನು ಕಳೆದ ಮೇಲೂ, ನಿರೀಕ್ಷೆಗಿಂತ ಹೆಚ್ಚು ಹೋಲುತ್ತಾರೆ ಎಂದು ಅದು ತೋರಿಸಿತು. ಅದಕ್ಕೆ ಬಳಸಿದ ಮಾಹಿತಿಯಲ್ಲಿ ಸಾಮಾನ್ಯ ಪಕ್ಷಿವೀಕ್ಷಕರು ಹಕ್ಕಿ ದಾಖಲೆಯ ಜಾಲತಾಣ ಇ-ಬರ್ಡ್‌ಗೆ ಹಾಕಿದ ಪಟ್ಟಿಗಳೂ ಇದ್ದವು.

ಹಸಿರು ಮರಕುಟಿಗ ಯಾಕೆ ವೇಷ ಕಟ್ಟಲಿಲ್ಲ ಎಂದರೆ, ಅದರ ಮೇವು ಬಹುಪಾಲು ನೆಲದ ಇರುವೆ ಗೆದ್ದಲು. ದೊಡ್ಡ ಹೊಂಬೆನ್ನಿನ ಜೊತೆ ಒಂದೇ ಕಾಂಡಕ್ಕೆ ಪೈಪೋಟಿ ಕಡಿಮೆ. ಇದು ನನ್ನ ಊಹೆ, ಅಧ್ಯಯನದ ಮಾತಲ್ಲ.

ಆಗುಂಬೆ ಮಳೆ:
ಊಹೆಯನ್ನು ಊಹೆ ಎಂದೇ ಹೇಳಿದ್ದು ಒಳ್ಳೆಯದಾಯಿತು. ಹಾಗೆಯೇ ಪ್ರಮ್ ಅವರ ವಾದವೂ ವಾದವೇ. ಒಂದೇ ಮರದಲ್ಲಿ ದೊಡ್ಡದು ಬಂದಾಗ ಮಧ್ಯಮದ್ದು ಜಾಗ ಬಿಟ್ಟು ಪಕ್ಕದ ಮತ್ತಿ ಮರಕ್ಕೆ ಹಾರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ವೇಷ ಅಷ್ಟೇನೂ ಕೆಲಸ ಮಾಡಿದಂತೆ ಕಾಣಲಿಲ್ಲ. ವಂಶದ ಮಾತು ಗಟ್ಟಿ, ಕಾರಣದ ಮಾತು ಇನ್ನೂ ಬೇಯುತ್ತಿದೆ.

ಕೊಪ್ಪ ಕಾಫಿ:
ಇದೇ ನನ್ನ ತಕರಾರು. ಪುಸ್ತಕ ತೆಗೆದರೆ ಒಂದು ಹೆಸರು, ಮೊಬೈಲ್ ತೆಗೆದರೆ ಇನ್ನೊಂದು. ಕಾಫಿ ತೋಟದ ಕಂದು ಮರಕುಟಿಗವನ್ನು ಹಳೆಯ ಪುಸ್ತಕದಲ್ಲಿ ಮೈಕ್ರಾಪ್ಟರ್ನಸ್ ಎಂದು ಕಲಿತೆ. ಆಮೇಲಿನ ಪುಸ್ತಕದಲ್ಲಿ ಸೀಲಿಯಸ್ ಆಯಿತು. ಈಗ ನೋಡಿದರೆ ಮತ್ತೆ ಮೈಕ್ರಾಪ್ಟರ್ನಸ್. ಹಕ್ಕಿ ಅದೇ, ಮರ ಅದೇ, ಕೂಗು ಅದೇ. ಪಹಣಿಯಲ್ಲಿ ಹೆಸರು ತಿದ್ದಿಸಲು ನಾವು ಅಲೆಯುವುದು ಸಾಲದೆಂದು ಹಕ್ಕಿಗೂ ಇದೇ ಗತಿಯೇ?

ಮೇಷ್ಟ್ರು ಸಾಗರ:
ತಾಯಿ, ನೀವು ಆರಿಸಿದ ಉದಾಹರಣೆಯಲ್ಲೇ ಉತ್ತರ ಇದೆ. ಸೀಲಿಯಸ್ ಅಮೆರಿಕದ ಕುಲ. ಅಲ್ಲಿನ ಕೆಲವು ಕಂದು ಮರಕುಟಿಗಗಳಿಗೂ ನಮ್ಮದಕ್ಕೂ ಮೈಬಣ್ಣ, ಅಡ್ಡಗೆರೆ, ಇರುವೆ ತಿನ್ನುವ ಬುದ್ಧಿ ಒಂದೇ ಎಂದು ಎರಡನ್ನೂ ಸೇರಿಸಿದರು. ಹೋಲಿಕೆಯನ್ನು ನಂಬಿದರು, ಅಷ್ಟೇ. 2006ರ ಡಿಎನ್‌ಎ ಅಧ್ಯಯನ ನಮ್ಮದು ಏಷ್ಯಾದ ಬೇರೆ ಮರಕುಟಿಗಗಳಿಗೇ ಹತ್ತಿರ ಎಂದು ತೋರಿಸಿತು. ಆದ್ದರಿಂದ ಬ್ಲೈತ್ 1845ರಲ್ಲಿ ಇಟ್ಟ ಹಳೆಯ ಹೆಸರಿಗೆ ಮರಳಿದರು. ಅಂದರೆ ನಿಮ್ಮ ಹಳೆಯ ಪುಸ್ತಕವೇ ಗೆದ್ದಿತು, ರದ್ದಿಗೆ ಹಾಕಬೇಡಿ.

ಎಲ್ಲ ಬದಲಾವಣೆಯೂ ಹೀಗೆ ಮುಗಿಯುವುದಿಲ್ಲ ಎಂಬುದೂ ನಿಜ. ಕಂದು ನೆತ್ತಿಯ ಪುಟಾಣಿ ಮರಕುಟಿಗ ಡೆಂಡ್ರೋಕೋಪಸ್, ಪಿಕಾಯ್ಡಿಸ್ ಎಂದು ಸುತ್ತಿ ಈಗ ಯುಂಗಿಪೈಕಸ್ ಎಂಬಲ್ಲಿ ತಂಗಿದೆ. ತೋಟದವರ ದೊಡ್ಡ ಹೊಂಬೆನ್ನನ್ನು ಮೊದಲು ಭಾರತದಿಂದ ಫಿಲಿಪ್ಪೀನ್ಸ್‌ವರೆಗೆ ಒಂದೇ ಪ್ರಭೇದ ಎನ್ನುತ್ತಿದ್ದರು. ಅದನ್ನು ಒಡೆದು ಪಶ್ಚಿಮಘಟ್ಟದ್ದನ್ನು ಸೋಷಿಯಾಲಿಸ್ ಎಂಬ ಸ್ವತಂತ್ರ ಪ್ರಭೇದವಾಗಿ ಎಣಿಸುವ ಪಟ್ಟಿಗಳು ಈಗ ಬಂದಿವೆ, ಅವುಗಳಲ್ಲಿ ಅದರ ಹೆಸರು ಮಲಬಾರ್ ಹೊಂಬೆನ್ನು. ಹಾಗಾದಾಗ ಆ ಹಕ್ಕಿ ಹೊಸನಗರದ್ದೇ ಹೊರತು ಬರ್ಮಾದ್ದಲ್ಲ. ಅದರ ಸಂಖ್ಯೆ ಇಲ್ಲಿ ಇಳಿದರೆ ‘ಬೇರೆ ಕಡೆ ಬೇಕಾದಷ್ಟಿದೆ’ ಎಂದು ಯಾರೂ ಹೇಳುವಂತಿಲ್ಲ.

ಸೊರಬ ಕಾನು:
ಕಂದು ಮರಕುಟಿಗದ ಮಾತು ಬಂತಲ್ಲ, ಅದು ಇರುವೆ ಗೂಡಿನಲ್ಲೇ ಮೊಟ್ಟೆ ಇಡುತ್ತದೆ ಎನ್ನುತ್ತಾರೆ. ಚಗಳಿ ಗೂಡಿನಲ್ಲೇ? ಚಗಳಿ ಬಿಟ್ಟೀತೇ?

ಕೊಪ್ಪ ಕಾಫಿ:
ಚಗಳಿ ಅಲ್ಲ. ಚಗಳಿ ಎಲೆ ಸೇರಿಸಿ ಹೊಲಿಯುತ್ತದೆ. ಇದು ಬೇರೆ ಸಣ್ಣ ಕರಿ ಇರುವೆ, ರೇಗಿದರೆ ಹಿಂಭಾಗವನ್ನು ತಲೆಯ ಮೇಲೆ ಎತ್ತಿಕೊಂಡು ಓಡಾಡುತ್ತದೆ. ಕೊಂಬೆಯ ಕವಲಿನಲ್ಲಿ ಕಂದುಗಪ್ಪು ರಟ್ಟಿನಂಥ ಉಂಡೆ ಗೂಡು ಕಟ್ಟುತ್ತದೆ. ನಮ್ಮ ತೋಟದ ಹಲಸಿನ ಮರದಲ್ಲಿ ಅಂಥದ್ದೊಂದಕ್ಕೆ ಬದಿಯಲ್ಲಿ ದುಂಡನೆಯ ತೂತು ಕೊರೆದು ಕಂದು ಮರಕುಟಿಗ ಒಳಗೆ ಹೋಗಿ ಬರುತ್ತಿತ್ತು. ಇರುವೆಗಳು ಖಾಲಿ ಮಾಡಿ ಹೋದ ಗೂಡಲ್ಲ, ಅವು ತೂತಿನ ಸುತ್ತ ಸಾಲುಗಟ್ಟಿ ಓಡಾಡುತ್ತಲೇ ಇದ್ದವು. ದುರ್ಬೀನಿನಲ್ಲಿ ನೋಡಿದರೆ ಹಕ್ಕಿಯ ಬಾಲದ ಗರಿಗಳು ಅಂಟಂಟಾಗಿ ಒಂದಕ್ಕೊಂದು ಕೂಡಿಕೊಂಡಿದ್ದವು, ತುದಿಯಲ್ಲಿ ಕರಿ ಚುಕ್ಕೆಗಳು. ಕಚ್ಚಿ ಹಿಡಿದು ಸತ್ತ ಇರುವೆಗಳ ತಲೆಗಳು ಅವು.

ಆಗುಂಬೆ ಮಳೆ:
ಆ ಇರುವೆಯ ಕುಲ ಕ್ರೆಮಟೋಗ್ಯಾಸ್ಟರ್. ಮರಕುಟಿಗ ಅದರ ಕೋಶಗಳನ್ನೂ ಮರಿಗಳನ್ನೂ ತಿನ್ನುತ್ತದೆ, ಅದರ ಮನೆಯಲ್ಲೇ ಬಾಣಂತನವನ್ನೂ ಮಾಡುತ್ತದೆ. ಕಂದು ಮರಕುಟಿಗವನ್ನು ಕಿವಿಯಿಂದಲೂ ಗುರುತಿಸಬಹುದು. ಬೇರೆಯವು ಒಣ ಕೊಂಬೆಯ ಮೇಲೆ ಬಾರಿಸುವ ಸದ್ದು ಒಂದೇ ವೇಗದಲ್ಲಿ ಉರುಳಿ ನಿಲ್ಲುತ್ತದೆ. ಇದು ರಭಸವಾಗಿ ಶುರು ಮಾಡಿ, ನಿಧಾನವಾಗುತ್ತಾ ಹೋಗಿ, ಕೊನೆಗೆ ಒಂದೊಂದೇ ಪೆಟ್ಟು ಹಾಕಿ ನಿಲ್ಲಿಸುತ್ತದೆ.

ಕಿವಿ ಬೇಡ, ಕಣ್ಣಿಗೇ ಸುಲಭವಾದದ್ದು ಬೇಕೆಂದರೆ ಹೃದಯ ಚುಕ್ಕೆಯ ಮರಕುಟಿಗ. ಕರಿಬಿಳಿ ಮೈ, ಭುಜದ ಗರಿಗಳ ಮೇಲೆ ಹೃದಯದ ಆಕಾರದ ಕಪ್ಪು ಚುಕ್ಕೆಗಳು, ದೊಡ್ಡ ಜುಟ್ಟು, ಬಾಲ ಮಾತ್ರ ಮೊಂಡು. ಯಾರೋ ಅರ್ಧ ಹಕ್ಕಿ ಮಾಡಿ ಕೈಬಿಟ್ಟಂತೆ ಕಾಣುತ್ತದೆ. ಹೆಣ್ಣಿಗೆ ಹಣೆ ಬಿಳಿ, ಗಂಡಿಗೆ ಕಪ್ಪು. ದಪ್ಪ ಕಾಂಡಕ್ಕಿಂತ ಹೊರಗಿನ ಸಣ್ಣ ರೆಂಬೆಗಳಲ್ಲೇ ಹೆಚ್ಚು ಓಡಾಡುತ್ತದೆ. ವಂಶವೃಕ್ಷದಲ್ಲಿಯೂ ಇದು ಉಳಿದ ನಿಜವಾದ ಮರಕುಟಿಗಗಳಿಂದ ಬಹಳ ಹಿಂದೆಯೇ ಕವಲೊಡೆದು ಒಂಟಿಯಾಗಿ ನಿಂತಿದೆ. ನನ್ನ ಮಟ್ಟಿಗೆ ನಮ್ಮ ಪಟ್ಟಿಯ ಅತ್ಯಂತ ಚೆಂದದ ಹಕ್ಕಿ, ಹೊಂಬೆನ್ನುಗಳೆಲ್ಲ ಆಮೇಲೆ.

ಹೊಸನಗರ ತೋಟ:
ನೋಡಿದೆ. ಬರೆದುಕೊಂಡದ್ದನ್ನು ಹಾಗೆಯೇ ಹಾಕುತ್ತೇನೆ.

ಬೆಟ್ಟದಿಂದ ಬಂದದ್ದು: ಹಿಂಗತ್ತು ಬಿಳಿ. ಮೀಸೆ ಎರಡಾಗಿದೆ, ನಡುವೆ ಬಿಳಿ ಕಾಣುತ್ತದೆ. ಹಾರುವಾಗ ಸೊಂಟ ಕೆಂಪು. ಜೊತೆಗಿದ್ದ ಇನ್ನೊಂದರ ನೆತ್ತಿ ಕಪ್ಪು, ಅದರ ತುಂಬ ಬಿಳಿ ಚುಕ್ಕೆ. ಹೂವಿನ ಗೊಂಚಲಿಗೆ ಕೊಕ್ಕು ತೂರಿಸಿ ಬಹಳ ಹೊತ್ತು ಕುಡಿಯುತ್ತಿತ್ತು, ಹಣೆಯ ಗರಿಗಳಿಗೆ ಹಳದಿ ಪರಾಗ ಮೆತ್ತಿತ್ತು.

ತೆಂಗಿನ ಮರದ್ದು: ಗಂಟಲು ಕಪ್ಪು, ಬಿಳಿ ಗೆರೆ ಇದೆ. ಸೊಂಟ ಕಪ್ಪು. ಹಿಂಗತ್ತು ಕಪ್ಪು. ಹಾರುವಾಗ ಕುದುರೆ ಕೆನೆದಂತೆ ಕೂಗಿತು.

ಆಗುಂಬೆ ಮಳೆ:
ಮೊದಲನೆಯದು ಮಲಬಾರ್ ಹೊಂಬೆನ್ನು, ಗಂಡು ಹೆಣ್ಣು ಎರಡೂ. ಎರಡನೆಯದು ಕಪ್ಪು ಸೊಂಟದ್ದು. ಅನುಮಾನವೇ ಇಲ್ಲ. ಮಧ್ಯಮ ಗಾತ್ರದ ಮೂರು ಬೆರಳಿನದು ನಿಮ್ಮ ಬೆಟ್ಟದಲ್ಲೂ ಇರಬೇಕು, ಕೆಂಪು ಸೊಂಟ ಕಪ್ಪು ಹಿಂಗತ್ತು ಒಟ್ಟಿಗೆ ಕಂಡರೆ ಬರೆಯಿರಿ. ಇ-ಬರ್ಡ್‌ಗೆ ಹಾಕುವಾಗ ಎರಡನ್ನೂ ಬೇರೆ ಬೇರೆಯಾಗಿ ಹಾಕಿ, ಪರಾಗದ ವಿಷಯವನ್ನೂ ಟಿಪ್ಪಣಿಯಲ್ಲಿ ಸೇರಿಸಿ.

ಸೊರಬ ಕಾನು:
ಇಷ್ಟು ಹೊತ್ತು ಕುಟ್ಟಿದರೂ ಇವಕ್ಕೆ ತಲೆನೋವು ಬರುವುದಿಲ್ಲವಲ್ಲ. ನಾಲಿಗೆ ತಲೆಬುರುಡೆಗೆ ಸುತ್ತಿಕೊಂಡು ಪೆಟ್ಟು ತಡೆಯುತ್ತದೆ ಎಂದು ವಾಟ್ಸ್ಆ್ಯಪ್‌ನಲ್ಲಿ ಬಂದಿತ್ತು. ಹೌದೇ?

ಎಂಎಸ್ಸಿ ಹುಡುಗಿ:
ಅರ್ಧ ನಿಜ. ನಾಲಿಗೆಯ ಎಲುಬು ಬುರುಡೆಯ ಹಿಂದಿನಿಂದ ನೆತ್ತಿಯ ಮೇಲೆ ಬಳಸಿ ಮೂಗಿನ ಹೊಳ್ಳೆಯ ಹತ್ತಿರಕ್ಕೆ ಬರುವುದು ನಿಜ. ಅದು ಇರುವುದು ನಾಲಿಗೆಯನ್ನು ಬಿಲದೊಳಕ್ಕೆ ಉದ್ದಕ್ಕೆ ಚಾಚಲು. ಪೆಟ್ಟು ತಡೆಯುವ ಕತೆಯನ್ನು 2022ರಲ್ಲಿ ಬೆಲ್ಜಿಯಮ್ಮಿನ ಸ್ಯಾಮ್ ವಾನ್ ವಾಸೆನ್‌ಬರ್ಗ್ ಮತ್ತು ಜೊತೆಗಾರರು ಅತಿವೇಗದ ಕ್ಯಾಮೆರಾ ಇಟ್ಟು ಪರೀಕ್ಷಿಸಿದರು. ಕೊಕ್ಕು ನಿಂತಷ್ಟೇ ಬೇಗ ಬುರುಡೆಯೂ ನಿಲ್ಲುತ್ತದೆ, ನಡುವೆ ಮೆತ್ತೆಯಂಥದ್ದು ಏನೂ ಕೆಲಸ ಮಾಡುವುದಿಲ್ಲ. ಮೆತ್ತೆ ಇದ್ದರೆ ಪೆಟ್ಟಿನ ಬಲ ಮರಕ್ಕೆ ಹೋಗುವ ಬದಲು ಮೆತ್ತೆಯಲ್ಲೇ ಸೋರಿಹೋಗುತ್ತಿತ್ತು. ಮಿದುಳು ಬಹಳ ಸಣ್ಣದು, ಹಗುರ. ಅಷ್ಟು ಸಣ್ಣ ಮಿದುಳಿಗೆ ಆ ಪೆಟ್ಟು ಅಪಾಯದ ಮಟ್ಟ ಮುಟ್ಟುವುದಿಲ್ಲ ಎಂಬುದು ಅವರ ಲೆಕ್ಕಾಚಾರ.

ಕೊಪ್ಪ ಕಾಫಿ:
ಇನ್ನು ನನ್ನ ಕೆಲಸದ ಪ್ರಶ್ನೆ. ತೋಟದಲ್ಲಿ ಕೋಕೋ ಇದೆ. ಕಾಯಿಗೆ ತೂತು ಬೀಳುತ್ತಿದೆ. ಅಳಿಲು ಎಂದು ಆಳುಗಳು ಹೇಳುತ್ತಾರೆ, ಮರಕುಟಿಗ ಎಂದು ನನ್ನ ಅನುಮಾನ. ಇದರ ಜೊತೆಗೆ ಮೇಲಿನ ಬದಿಯಲ್ಲಿ ಒಂದು ಒಣಗಿದ ಹೆಬ್ಬಲಸು ನಿಂತಿದೆ, ಕಡಿಸಬೇಕೆಂದಿದ್ದೇನೆ.

ಮೇಷ್ಟ್ರು ಸಾಗರ:
ಕೋಕೋ ಕಾಯಿಯನ್ನು ಕಪ್ಪು ಸೊಂಟದ ಹೊಂಬೆನ್ನು ಕೊರೆಯುವುದುಂಟು, ಅಳಿಲೂ ಇಲಿಯೂ ಮಾಡುವುದುಂಟು. ತೂತಿನ ಅಂಚು ನೋಡಿ, ಹಲ್ಲಿನ ಗೀರು ಕಂಡರೆ ಹಕ್ಕಿಯದಲ್ಲ. ಹಣ್ಣಾದ ಕಾಯಿಯನ್ನು ಮರದಲ್ಲಿ ಉಳಿಸದೆ ಬೇಗ ಕೊಯ್ದರೆ ಯಾರ ಪಾಲಾದರೂ ನಷ್ಟ ಕಡಿಮೆ.

ಹೆಬ್ಬಲಸನ್ನು ದಾರಿಗೋ ಮನೆಗೋ ಬೀಳುವಂತಿಲ್ಲದಿದ್ದರೆ ಬಿಡಿ. ಮರಕುಟಿಗ ಹಳೆಯ ಬಿಲಕ್ಕೆ ಮರುವರ್ಷ ಬರುವುದು ಕಡಿಮೆ, ಹೊಸದು ಕೊರೆಯುತ್ತದೆ. ಬಿಟ್ಟುಹೋದ ಬಿಲದಲ್ಲಿ ಮಡಿವಾಳ, ಮೈನಾ, ಗಿಳಿ ಸಂಸಾರ ಹೂಡುತ್ತವೆ, 
ಅವಕ್ಕೆ ತಾವಾಗಿ ಕೊರೆಯುವ ಕೊಕ್ಕಿಲ್ಲ. ಕರಿಯ ದೈತ್ಯನಿಗಂತೂ ಅಷ್ಟು ದಪ್ಪದ ಒಣ ಮರವೇ ಬೇಕು. ಅಕೇಶಿಯಾ ನೆಡುತೋಪಿನಲ್ಲಿ ಅದನ್ನು ಹುಡುಕಿದರೆ ಸಿಗದು, ಅಲ್ಲಿ ಮರ ಮುದಿಯಾಗುವ ಮೊದಲೇ ಲಾರಿ ಹತ್ತುತ್ತದೆ.

ಕೊಪ್ಪ ಕಾಫಿ:
ಬೀಳುವುದು ಹಳ್ಳದ ಕಡೆಗೆ. ಬಿಡುತ್ತೇನೆ. ಅದರ ಕಾಂಡದಲ್ಲಿ ಆಳೆತ್ತರಕ್ಕಿಂತ ಮೇಲೆ ಅಂಗೈ ಹಿಡಿಯುವಷ್ಟು ಉದ್ದನೆಯ ತೂತೊಂದಿದೆ, ಬುಡದಲ್ಲಿ ಚಕ್ಕೆಗಳ ರಾಶಿ. ಈಗಿನದ್ದೇ, ಚಕ್ಕೆ ಇನ್ನೂ ಬೆಳ್ಳಗಿದೆ.

ಆಗುಂಬೆ ಮಳೆ:
ಬಿಲದ ಬಾಯಿ ಅಷ್ಟು ದೊಡ್ಡದಾಗಿದ್ದರೆ ಸಣ್ಣವುಗಳ ಕೆಲಸವಲ್ಲ. ಹತ್ತಿರ ಹೋಗಿ ನಿಲ್ಲಬೇಡಿ, ಆಳುಗಳಿಗೂ ಆ ಬದಿಯ ಕೆಲಸವನ್ನು ಮಳೆ ಹಿಡಿಯುವವರೆಗೆ ಮುಂದಕ್ಕೆ ಹಾಕಲು ಹೇಳಿ. ಫೋಟೊ ತೆಗೆದರೂ ಗೂಡಿನ ಜಾಗವನ್ನು ಇಲ್ಲಿ ಹಾಕಬೇಡಿ.

ಶಿಕಾರಿಪುರ ಬಯಲು:
ಮೇಷ್ಟ್ರು ಮೂರು ಕವಲು ಎಂದರು, ಎರಡರ ಹಕ್ಕಿಗಳು ಚರ್ಚೆಗೆ ಬಂದವು, ಕತ್ತು ತಿರುಚುವುದನ್ನು ಮಾತ್ರ ಎಲ್ಲರೂ ಮರೆತರು. ನಮ್ಮ ಕಡೆ ಚಳಿಗಾಲದಲ್ಲಿ ಉತ್ತರದಿಂದ ಬಂದು ಕೆರೆ ಏರಿಯ ಜಾಲಿ ಪೊದೆಗಳಲ್ಲಿ ಇರುತ್ತದೆ. ಒಣ ತೊಗಟೆಯ ಬಣ್ಣ, ಮರ ಕೊರೆಯುವುದಿಲ್ಲ, ನೆಲದಲ್ಲಿ ಇರುವೆ ಹೆಕ್ಕುತ್ತದೆ. ಗೂಡಿಗೆ ಯಾರಾದರೂ ಕೈ ಹಾಕಿದರೆ ಕತ್ತನ್ನು ಹಾವಿನಂತೆ ಹೊರಳಿಸಿ ಬುಸುಗುಡುತ್ತದೆಯಂತೆ. ಇಲ್ಲಿ ಗೂಡು ಕಟ್ಟದ ಕಾರಣ ನಮಗೆ ಆ ಆಟ ನೋಡಲು ಸಿಗುವುದಿಲ್ಲ. ಬಿಸಿಲು ಏರಿದಂತೆ ಹೊರಟುಹೋಗುತ್ತದೆ, ನೋಡಬೇಕೆನ್ನುವವರು ಈ ತಿಂಗಳೊಳಗೆ ಬನ್ನಿ. ಬೆಳಗ್ಗೆ ಬೇಗ, ಬಿಸಿಲು ಬೆನ್ನಿಗೆ ಬರುವಂತೆ ಕೆರೆಯ ಮೂಡಣ ಏರಿಯಿಂದ ನಡೆದು ಬಂದರೆ ಚೆನ್ನಾಗಿ ಕಾಣುತ್ತದೆ.